ಬೂದು ಕಾರಿನಲ್ಲಿ ಹೋದ ಮಾವ

ಸ್ಯಾನ್ ಫ್ರಾನ್ಸಿಸ್ಕೋಗೆ ಬಂದವರು ದಾರಿ ತಪ್ಪಿದರೆ ಅದಕ್ಕೆ ಒಂದೇ ಕಾರಣ: ಅವರು ಲೀಲ್ಯಾಂಡ್ ಬಚಿಗಲೂಪಿಯನ್ನು ಕೇಳಿರುವುದಿಲ್ಲ. ಹೀಗೆಂದು ಸಾರುತ್ತಿದ್ದವನು ಬೇರೆ ಯಾರೂ ಅಲ್ಲ, ಸ್ವತಃ ಲೀಲ್ಯಾಂಡ್! ಪೇಟೆಯ ನಡುವೆ ಪ್ರವಾಸಿಗರಿಗೆ ಮಾಹಿತಿ ಕೊಡುವ ಕೌಂಟರೊಂದಿದೆ. ಅದರ ಹಿಂದಿನ ಎತ್ತರದ ಸ್ಟೂಲೇ ಅವನ ಸಿಂಹಾಸನ. ಯಾವ ಟ್ರ್ಯಾಮು ಯಾವ ದಿಬ್ಬ ಹತ್ತುತ್ತದೆ, ಕೇಬಲ್ ಕಾರಿಗೆ ಎಲ್ಲಿ ಸಾಲು ಚಿಕ್ಕದು, ಸಮುದ್ರಸಿಂಹಗಳು ಎಲ್ಲಿ ಬಿದ್ದುಕೊಂಡು ಬೊಗಳುತ್ತವೆ, ಅವಸರವಾದರೆ ಯಾವ ಬೀದಿಗೆ ಓಡಬೇಕು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲೇ.

ಇಂಥವನ ಮನೆಗೆ ಆ ಜುಲೈನಲ್ಲಿ ಮಾವ ಬಂದರು. ಓರ್ವಿಲ್ ಲಿಂಡ್‌ಕ್ವಿಸ್ಟ್ ನೆಬ್ರಾಸ್ಕಾದಲ್ಲಿ ಮೆಕ್ಕೆಜೋಳ ಬೆಳೆಯುವವರು. ಅವರ ಹೊಲ ಎಷ್ಟು ಸಮತಟ್ಟೆಂದರೆ, ನೆಲದ ಮೇಲೆ ಗೋಲಿಯಿಟ್ಟರೆ ಅದು ಮುಂದಿನ ಸುಗ್ಗಿಯವರೆಗೂ ಅಲ್ಲೇ ಇರುತ್ತದೆ. ಮಗಳನ್ನು ಕೊಟ್ಟ ಊರಿಗೆ ಅವರು ಈವರೆಗೆ ಕಾಲಿಟ್ಟಿರಲಿಲ್ಲ. ಈಗ ಮೊಮ್ಮಗಳು ಕಾರ್ಲಾಳ ಮದುವೆ ಅಕ್ಟೋಬರಿನಲ್ಲಿ ಇಲ್ಲೇ ಗೊತ್ತಾಗಿತ್ತು. ಮೊದಲೊಂದು ಸಲ ಬಂದು ನೋಡುತ್ತೇನೆ, ಆ ಊರು ನನಗೆ ಒಗ್ಗಿದರೆ ಮದುವೆಗೆ ಬರುತ್ತೇನೆ, ಒಗ್ಗದಿದ್ದರೆ ಫೋಟೋ ಕಳಿಸಿ ಎಂದು ಮುದುಕರು ಫೋನಿನಲ್ಲಿ ತೀರ್ಪು ಕೊಟ್ಟಿದ್ದರು. ತಾತ ಇಲ್ಲದೆ ಮದುವೆಯೇ ಬೇಡ ಎಂದು ಕಾರ್ಲಾ ಮುಖ ಊದಿಸಿಕೊಂಡಿದ್ದಳು. ಇಬ್ಬರ ನಡುವೆ ಲೀಲ್ಯಾಂಡನ ಹೆಂಡತಿ ನದೀನ್ ನಿದ್ದೆಗೆಟ್ಟಿದ್ದಳು.

"ಒಂದೇ ಒಂದು ದಿನ ಅವರನ್ನ ನನ್ನ ಕೈಗೆ ಕೊಡು," ಎಂದ ಲೀಲ್ಯಾಂಡ್. "ಜೋಳದ ಹೊಲ ಮಾರಿ ಇಲ್ಲೇ ಮನೆ ಹುಡುಕೋ ಹಾಗೆ ಮಾಡ್ತೀನಿ."

"ಅಷ್ಟೆಲ್ಲ ಬೇಡ. ಇನ್ನೊಂದು ಸಲ ಬರೋ ಹಾಗೆ ಮಾಡು, ಸಾಕು."

ಶನಿವಾರ ಬೆಳಿಗ್ಗೆ ಅವರ ಬೀದಿಯಲ್ಲಿ ಕಣ್ಣು ಕುಕ್ಕುವ ಬಿಸಿಲು. ಓರ್ವಿಲ್ ಚಡ್ಡಿ ತೊಟ್ಟು, ದಪ್ಪ ಜಾಕೆಟ್ ತೋಳಿನ ಮೇಲೆ ಹಾಕಿಕೊಂಡು, ಫೋನು, ಮಾತ್ರೆಗಳಿದ್ದ ಕೈಚೀಲ ಹಿಡಿದು ಮೆಟ್ಟಿಲಿಳಿದರು. ಆ ಕೈಚೀಲ ಕಂಡದ್ದೇ ಲೀಲ್ಯಾಂಡ್ ಓಡಿಹೋಗಿ ಅಡ್ಡ ನಿಂತ.

ಆ ಊರಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಹಳೆಯ ಕಾಲುಚೀಲ ಬಿದ್ದಿದ್ದರೂ ಯಾವನೋ ಬಂದು ಗಾಜು ಒಡೆಯುತ್ತಾನೆ. ಅದಕ್ಕೇ ಊರವರು ಕಾರನ್ನು ತೊಳೆದಿಟ್ಟ ಪಾತ್ರೆಯಷ್ಟು ಖಾಲಿ ಇಡುತ್ತಾರೆ. ಇನ್ನಷ್ಟು ಪಳಗಿದವರು ಬಾಗಿಲಿಗೆ ಬೀಗವನ್ನೂ ಹಾಕುವುದಿಲ್ಲ. ಕಳ್ಳ ಮಹಾಶಯ ಗಾಜು ಒಡೆಯುವ ಶ್ರಮವಿಲ್ಲದೆ ಬಾಗಿಲು ತೆಗೆದು, ಇಣುಕಿ ನೋಡಿ, ನಿರಾಸೆಯಿಂದ ಹೋಗಲಿ ಎಂದು! ಲೀಲ್ಯಾಂಡ್ ಈ ಪಳಗಿದವರ ಪೈಕಿ.

"ಮಾವ, ಚೀಲ ಬೇಡ. ಜಾಕೆಟ್ಟೂ ಬೇಡ."

"ಸಮುದ್ರದ ಹತ್ರ ಹೋಗೋದು ಅಂದೆ."

"ಕಾರಲ್ಲಿ ಬಿಟ್ರೆ ಗಾಜು ಹೋಗತ್ತೆ."

"ಕಾರಲ್ಲಿ ಯಾಕೆ ಬಿಡ್ಲಿ? ಮೈಮೇಲೆ ಹಾಕ್ಕೋತೀನಿ."

"ಈ ಬಿಸಿಲಲ್ಲಿ ಹಾಕ್ಕೊಂಡ್ರೆ ಸೆಕೆ ಆಗತ್ತೆ. ಸೆಕೆ ಆದ್ರೆ ತೆಗೀತೀರಿ. ತೆಗೆದ್ರೆ ಸೀಟಿನ ಮೇಲೇ ಇಡ್ತೀರಿ."

ಕೆಟ್ಟು ನಿಂತ ಟ್ರ್ಯಾಕ್ಟರನ್ನು ನೋಡುವ ಹಾಗೆ ಅಳಿಯನನ್ನು ನೋಡಿ, ಓರ್ವಿಲ್ ಎಲ್ಲವನ್ನೂ ಸೋಫಾದ ಮೇಲಿಟ್ಟು ಬಂದರು. ಬೇಸಿಗೆಯಲ್ಲೂ ಊರಿನ ಹೆಸರಾಂತ ಕೆಂಪು ಸೇತುವೆಯ ಹತ್ತಿರ ಕೊರೆಯುವ ಚಳಿ, ಬೆಚ್ಚನೆಯ ಬಟ್ಟೆ ತಪ್ಪಿಸಬೇಡಿ ಎಂಬುದು ಲೀಲ್ಯಾಂಡ್ ಕೌಂಟರಿನಲ್ಲಿ ದಿನಕ್ಕೆ ನೂರು ಮಂದಿಗೆ ಮಾಡುವ ಉಪದೇಶ. ಕಾರಿನಲ್ಲಿ ಏನೂ ಬಿಡಬೇಡಿ ಎಂಬುದು ಇನ್ನೊಂದು ಉಪದೇಶ. ಆ ದಿನ ಇವೆರಡೂ ಕುಸ್ತಿಗೆ ಬಿದ್ದು, ಎರಡನೆಯದು ಮೊದಲನೆಯದನ್ನು ಚಿತ್ ಮಾಡಿತು.

ನದೀನಳೂ ಹತ್ತಿದ ಮೇಲೆ ಕಾರು ಹೊರಟಿತು. ಅರ್ಧ ದಾರಿ ಕಳೆಯುವಷ್ಟರಲ್ಲಿ ಬಿಸಿಲು ಮಾಯವಾಗಿ ಮಂಜು ನುಗ್ಗಿತು. ಸೇತುವೆಯ ಪಕ್ಕದ ಕಾರು ನಿಲ್ದಾಣದಲ್ಲಿ ಸುತ್ತು ಹಾಕಿ ಹಾಕಿ, ಕೊನೆಗೆ ಒಂದು ಜಾಗ ಸಿಕ್ಕಿದಾಗ ಲೀಲ್ಯಾಂಡ್ ಕೋಟೆ ಗೆದ್ದವನಂತೆ ಇಳಿದ. ಬೀಗ ಹಾಕಲಿಲ್ಲ. ಮೂವರೂ ತಡೆಗೋಡೆಯ ಬಳಿ ಹೋಗಿ ನಿಂತರು. ಜಗತ್ತೆಲ್ಲ ಹುಡುಕಿಕೊಂಡು ಬರುವ ಸೇತುವೆ ಅಲ್ಲಿರಲಿಲ್ಲ! ಎದುರಿಗೆ ಹಾಲು ಚೆಲ್ಲಿದಂತೆ ಬರೀ ಬಿಳುಪು. ಅದರೊಳಗಿನಿಂದ ಹಡಗುಗಳನ್ನು ಎಚ್ಚರಿಸುವ ಕಹಳೆ ಊಳಿಡುತ್ತಿತ್ತು.

"ಯಾರದೋ ಹಸು ಕರು ಹಾಕೋಕೆ ಒದ್ದಾಡ್ತಿದೆ," ಎಂದರು ಓರ್ವಿಲ್.

"ಅದು ಮಂಜಿನ ಕಹಳೆ, ಮಾವ. ಈ ಕಡೆ ನೋಡಿ, ಬಲಕ್ಕೆ."

"ಬಲಕ್ಕೆ ಏನಿದೆ?"

"ಸೇತುವೆ."

"ನೀನು ಹೇಳ್ತಿದೀಯ ಅಂತ ನಂಬಬೇಕು."

ನಂಬಿಸಲು ಲೀಲ್ಯಾಂಡ್ ಟೊಂಕ ಕಟ್ಟಿದ. ಎಷ್ಟು ಉಕ್ಕು, ಎಷ್ಟು ತಂತಿ, ಕೆಂಪು ಬಣ್ಣವೇ ಯಾಕೆ ಎಂದು ಕಾಣದ ಸೇತುವೆಯನ್ನು ಬಾಯಿಯಲ್ಲೇ ಕಟ್ಟತೊಡಗಿದ. ಓರ್ವಿಲ್ಲರ ಮೊಣಕಾಲುಗಳು ನೀಲಿಗೆ ತಿರುಗಿ ಒಂದಕ್ಕೊಂದು ತಾಳ ಹಾಕುತ್ತಿದ್ದವು. ಅಪ್ಪನಿಗೆ ಕಾಫಿ ತರುತ್ತೇನೆಂದು ನದೀನ್ ಓಡಿದಳು. ನಾನು ಕಾರಿನಲ್ಲಿ ಕೂತಿರುತ್ತೇನೆ ಎಂದು ಓರ್ವಿಲ್ ಹೊರಟರು. ಲೀಲ್ಯಾಂಡ್ ಜೊತೆಗೆ ಹೋಗಬಹುದಿತ್ತು. ಆದರೆ ಅಷ್ಟರಲ್ಲಿ ನಡುಗುತ್ತಿದ್ದ ಹತ್ತಾರು ಪ್ರವಾಸಿಗರು ಅವನ ಮಾತಿಗೆ ಕಿವಿಗೊಟ್ಟಿದ್ದರು. ಕೇಳುವವರನ್ನು ಬಿಟ್ಟು ಬರುವುದು ಅವನ ಜಾತಕದಲ್ಲೇ ಇಲ್ಲ!

ಸೇತುವೆ ಕಟ್ಟಿ ಮುಗಿಸಿ ಅವನು ಕಾರಿಗೆ ಬಂದಾಗ ಅದು ತೊಳೆದಿಟ್ಟ ಪಾತ್ರೆಯಷ್ಟೇ ಖಾಲಿ. ಗಾಬರಿಯಲ್ಲಿ ಡಿಕ್ಕಿಯನ್ನೂ ತೆಗೆದು ನೋಡಿದ.

"ಅಪ್ಪ ಡಿಕ್ಕಿಯಲ್ಲಿ ಕೂತಿರ್ತಾರಾ?" ಎಂದಳು ಹಿಂದಿನಿಂದ ನದೀನ್, ಕಾಫಿ ಲೋಟ ಹಿಡಿದು.

ಅವರ ಫೋನಿಗೆ ಕರೆ ಮಾಡಿದರು. ಅದು ಮನೆಯ ಸೋಫಾದ ಮೇಲೆ, ಕಳ್ಳರ ಭಯವಿಲ್ಲದೆ, ಹಾಯಾಗಿ ರಿಂಗಾಗುತ್ತಿದ್ದಿರಬೇಕು. ಕೊನೆಗೆ ಕಾಫಿ ಮಾರುವವನು ಸುದ್ದಿ ಕೊಟ್ಟ. ಚಡ್ಡಿ ತೊಟ್ಟ ಮುದುಕರೊಬ್ಬರು ಆ ಸಾಲಿನ ತುದಿಯ ಬೂದು ಕಾರಿನ ಹಿಂದಿನ ಸೀಟು ಹತ್ತಿ ಮಲಗಿದರು, ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಬಂದು ಕಾರು ಓಡಿಸಿಕೊಂಡು ಹೋದಳು ಎಂದ. ಲೀಲ್ಯಾಂಡನ ಕಾರೂ ಬೂದು. ಪಳಗಿದವರು ಆ ಊರಿನಲ್ಲಿ ಅವನೊಬ್ಬನೇ ಅಲ್ಲವಲ್ಲ! ಬೀಗವಿಲ್ಲದ ಇನ್ನೊಂದು ಬೂದು ಕಾರು ಮಾವನನ್ನು ನುಂಗಿಕೊಂಡು ಹೋಗಿತ್ತು.

ಲೀಲ್ಯಾಂಡ್ ಅಲ್ಲಿನ ಕಾವಲಿನವನ ಬಳಿ ಓಡಿದ. ನೋಡಲು ಹೇಗಿದ್ದಾರೆ ಎಂದು ಅವನು ಕೇಳಿದ. ಚಡ್ಡಿ ಹಾಕಿದ್ದಾರೆ, ಜಾಕೆಟ್ ಇಲ್ಲ, ಗಡಗಡ ನಡುಗುತ್ತಿದ್ದಾರೆ ಎಂದ ಲೀಲ್ಯಾಂಡ್. ಕಾವಲಿನವನು ಸುತ್ತ ಕೈ ಬೀಸಿ ತೋರಿಸಿದ. ಅಲ್ಲಿದ್ದವರೆಲ್ಲ ಚಡ್ಡಿಯವರೇ, ನಡುಗುವವರೇ. ಕಾರು ಯಾವುದು ಎಂದರೆ ಬೂದು ಎಂದ. ಕಾವಲಿನವನು ಇವನು ಇನ್ನೇನಾದರೂ ಹೇಳುತ್ತಾನೇನೋ ಎಂದು ಕಾದ. ಊರಿನ ಎಲ್ಲ ಗಲ್ಲಿಗಳ ಹೆಸರು ಬಲ್ಲ ಲೀಲ್ಯಾಂಡನಿಗೆ ಅದಕ್ಕಿಂತ ಹೆಚ್ಚಿನ ಮಾಹಿತಿ ಇರಲಿಲ್ಲ.

ನದೀನ್ ರಸ್ತೆಯಂಚಿನ ಕಲ್ಲಿನ ಮೇಲೆ ಕುಸಿದು ಕೂತಿದ್ದಳು. ಕಾಫಿ ಅವಳ ಕೈಯಲ್ಲೇ ತಣ್ಣಗಾಗಿತ್ತು. ಲೀಲ್ಯಾಂಡ್ ಪಕ್ಕದಲ್ಲಿ ಕೂತು ಸಮಾಧಾನಕ್ಕೆ ಬಾಯಿ ತೆರೆದ.

"ಕಾರ್ಲಾಗೆ ನೀನೇ ಫೋನ್ ಮಾಡು," ಎಂದಳು ಅವಳು, ಅವನತ್ತ ನೋಡದೆ. "ತಾತ ಮದುವೆಗೆ ಬರೋದು ಅನುಮಾನ ಅಂತ ಹೇಳು. ಯಾಕೆ ಅಂತಾನೂ ನೀನೇ ಹೇಳು."

ಅವನು ಫೋನ್ ಕೈಗೆತ್ತಿಕೊಂಡ. ಮಗಳ ಹೆಸರಿನ ಮೇಲೆ ಬೆರಳು ಇಡಲಾಗಲಿಲ್ಲ. ಇಷ್ಟು ವರ್ಷ ಲಕ್ಷಾಂತರ ಅಪರಿಚಿತರನ್ನು ಜೋಪಾನವಾಗಿ ಹೋಟೆಲು ಸೇರಿಸಿದವನು ಸ್ವಂತ ಮಾವನನ್ನು ಕಳೆದುಕೊಂಡು ಕೂತಿದ್ದ. ಮಂಜಿನ ಕಹಳೆ ಅವನ ಪರವಾಗಿ ಅಳುತ್ತಿತ್ತು.

ಆಗ ನದೀನಳ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು, ಗೊತ್ತಿದ್ದ ದನಿ. ಮಗಳಿಗೆ ಪ್ರತಿ ಭಾನುವಾರ ಅಡುಗೆಮನೆಯ ಫೋನಿನಿಂದ ಕರೆ ಮಾಡಿ ಮಾಡಿ ಓರ್ವಿಲ್ಲರಿಗೆ ಆ ನಂಬರು ಬಾಯಿಪಾಠವಾಗಿತ್ತು.

"ನಾನು ನೀರಿನ ಆಚೆ ಕಡೆ ಇದೀನಮ್ಮ. ಇಲ್ಲಿ ಬಿಸಿಲಿದೆ. ಒಬ್ರು ಸೂಪ್ ಕೊಡಿಸ್ತಿದಾರೆ. ಅವಸರ ಇಲ್ಲ."

ಇಬ್ಬರೂ ಕಾರು ಓಡಿಸಿಕೊಂಡು ಹೋದಾಗ, ಆಚೆ ದಡದ ಸಾಸಲೀಟೋ ಪಟ್ಟಣದಲ್ಲಿ, ನೀರಿನ ಪಕ್ಕದ ಮೇಜಿಗೆ ಓರ್ವಿಲ್ ಹೆಂಗಸರ ಶಾಲು ಹೊದ್ದು ಕೂತು ಕಪ್ಪೆಚಿಪ್ಪಿನ ಸೂಪು ಹೀರುತ್ತಿದ್ದರು. ಎದುರಿಗೆ ಪರ್ಲ್ ಯಮಾಶಿರೊ ಎಂಬ ಹಿರಿಯ ಹೆಂಗಸು. ಸೇತುವೆ ದಾಟಿ ಸುರಂಗದೊಳಗೆ ನುಗ್ಗಿದಾಗ ಹಿಂದಿನ ಸೀಟಿನಿಂದ ಗೊರಕೆ ಕೇಳಿ ಆಕೆಯ ಜೀವ ಬಾಯಿಗೆ ಬಂದಿತ್ತಂತೆ. ವಿಷಯ ತಿಳಿದ ಮೇಲೆ ಆಕೆ ಮಂಜಿನ ಮೇಲಿನ ಗುಡ್ಡಕ್ಕೆ ಕಾರು ಹತ್ತಿಸಿ, ಮೋಡದಿಂದ ತಲೆಯೆತ್ತಿ ನಿಂತ ಸೇತುವೆಯ ಎರಡು ಕೆಂಪು ಗೋಪುರಗಳನ್ನು ಮುದುಕರಿಗೆ ತೋರಿಸಿದ್ದರು.

"ಈ ತಿಂಗಳಲ್ಲಿ ಇವರನ್ನ ಚಡ್ಡಿಯಲ್ಲಿ ಸೇತುವೆ ಹತ್ರ ಕರ್ಕೊಂಡು ಬಂದಿದೀರಲ್ಲ," ಎಂದರು ಪರ್ಲ್, ಹೊರಡಲು ಏಳುತ್ತ. "ಪೇಟೆಯಲ್ಲಿ ಮಾಹಿತಿ ಕೌಂಟರ್ ಇದೆ. ಅಲ್ಲಿ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳ್ಕೊಂಡೇ ಬಂದಿದ್ದು," ಎಂದಳು ನದೀನ್.

ಪರ್ಲ್ ಹೋದ ಮೇಲೂ ಓರ್ವಿಲ್ ಶಾಲು ತೆಗೆಯಲಿಲ್ಲ. ಚಮಚ ಕೆಳಗಿಟ್ಟು, ಬಿಸಿಲಿನಲ್ಲಿ ಹೊಳೆಯುವ ನೀರಿನತ್ತ ತಿರುಗಿದರು. ಈ ಊರು ಒಗ್ಗಿತೇ ಎಂದು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

"ಅಲ್ಲಿ ನೀರಿನ ಮಧ್ಯೆ ಒಂದು ದ್ವೀಪ ಇದೆಯಲ್ಲ, ಮೇಲೆ ಹಳೇ ಕಟ್ಟಡ," ಎಂದರು. "ಏನದು?"

ಆ ದ್ವೀಪದ ಹಳೆಯ ಸೆರೆಮನೆಯ ಚರಿತ್ರೆ, ದೋಣಿ ಹೊರಡುವ ಕಟ್ಟೆ, ವಾರಗಟ್ಟಲೆ ಮೊದಲೇ ಕಾಯ್ದಿರಿಸಬೇಕಾದ ಟಿಕೆಟ್ಟು, ಯಾವ ಪಕ್ಕ ಕೂತರೆ ಗಾಳಿ ಕಡಿಮೆ, ಎಲ್ಲವೂ ಒಟ್ಟಿಗೇ ಲೀಲ್ಯಾಂಡನ ಗಂಟಲಿಗೆ ನುಗ್ಗಿ ಬಂದವು. ಮೇಜಿನ ಕೆಳಗೆ ನದೀನಳ ಚಪ್ಪಲಿ ಅವನ ಪಾದದ ಮೇಲೆ ಬಂದು ಕೂತಿತು.

"ಗೊತ್ತಿಲ್ಲ, ಮಾವ."

"ಹೋಗ್ಲಿ ಬಿಡು," ಎಂದರು ಓರ್ವಿಲ್, ಮತ್ತೆ ಚಮಚ ಎತ್ತಿಕೊಳ್ಳುತ್ತ. "ಅಕ್ಟೋಬರಲ್ಲಿ ಮದುವೆಗೆ ಬಂದಾಗ ಪರ್ಲ್‌ನ ಕೇಳ್ತೀನಿ."