ಇಂಟರ್ವಲ್ ಆದಮೇಲಿನ ಕಥೆ

ಕಾರ್ಟೂನ್ ಸಿನಿಮಾ ಮಕ್ಕಳಿಗೆ ಮಾತ್ರ ಎಂದು ಯಾರಾದರೂ ಅಂದರೆ ಮೆಹಬೂಬ್ ಪಾಷಾ ಅವರಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಗುಬ್ಬಿಯ ಸಿನಿಮಾ ಟೆಂಟಿನಲ್ಲಿ ಇಪ್ಪತ್ತೆರಡು ವರ್ಷ ಪ್ರೊಜೆಕ್ಟರ್ ನಡೆಸಿದ ಆಪರೇಟರ್ ಸಾಹೇಬರು ಅವರು. ಟೆಂಟು ಎತ್ತಿ ಎಷ್ಟೋ ಕಾಲವಾಗಿ, ಈಗ ತುಮಕೂರಿನಲ್ಲಿ ಮಗನ ಮನೆಯ ಸೋಫಾ ಹಿಡಿದಿದ್ದರೂ ಸಿನಿಮಾದ ಒಳಾರ್ಥ ಹೇಳುವ ಅಧಿಕಾರವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. (ಮನೆಮಾತು ಉರ್ದು. ಸಿನಿಮಾ ವಿಷಯ ಬಂದರೆ ಮಾತ್ರ ಕನ್ನಡ; ಅದೂ ಟೆಂಟಿನ ಅಭ್ಯಾಸವೇ.)

ಆ ಭಾನುವಾರ ಸಂಜೆ ಮಗ ಸೊಸೆ ಕುಣಿಗಲ್ಲಿಗೆ ಮದುವೆಗೆ ಹೋಗಿದ್ದರು. ಮೊಮ್ಮಗಳು ಮಾಹಿರಾ ಟೀವಿಯಲ್ಲಿ ಒಂದು ಕಾರ್ಟೂನ್ ಹಾಕಿದಳು. ಅದರಲ್ಲೊಂದು ತಾಯಿ ಅಳಿಲು. ಕಾಳು ಹೆಕ್ಕಿ ತಂದು ಸಂಸಾರ ಸಾಕುತ್ತದೆ. ಮಿಕ್ಕವರೆಲ್ಲ ಮರದ ತುದಿ ಹತ್ತಿ ಚಂದ್ರನನ್ನು ನೋಡಿ ಬರುತ್ತಾರೆ, ಅದಕ್ಕೆ ಮಾತ್ರ ಪೊಟರೆ ಬಿಟ್ಟು ಹೊರಡಲು ಪುರುಸೊತ್ತಿಲ್ಲ.

"ಇದು ಅಳಿಲಿನ ಕಥೆ ಅಲ್ಲ ಕಣೇ," ಪಾಷಾ ಗಂಟಲು ಸರಿಮಾಡಿಕೊಂಡರು. "ಸ್ತ್ರೀಶೋಷಣೆ! ಮನೇಲಿ ದುಡಿಯೋ ಹೆಂಗಸನ್ನ ಒಂದು ಸಲನಾದ್ರೂ ಬಾ, ಕೂತ್ಕೋ ಅಂದವ್ರಾ? ಇಲ್ಲ! ಖುರ್ಷಿದಾ, ಟೀ ಎಲ್ಲಿ?"

ಟೀ ತಂದ ಹೆಂಡತಿ ಖುರ್ಷಿದಾ ಬೇಗಂ ಸೋಫಾದ ಅಂಚಿನಲ್ಲಿ ಕೂತರು. ಅಳಿಲನ್ನು ನೋಡುತ್ತ ನೋಡುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸರಿಯಾಗಿ ಅರ್ಧಕ್ಕೆ ಪಾಷಾ ರಿಮೋಟ್ ಒತ್ತಿ, ಟ್ಯೂಬ್‌ಲೈಟ್ ಹಾಕಿ, "ಇಂಟರ್ವಲ್!" ಎಂದು ಕೂಗಿದರು. ಮನೆಯ ಟೀವಿಯಾದರೇನು, ಕ್ರಮ ಕ್ರಮವೇ. ಖುರ್ಷಿದಾ ಎದ್ದು ಅಡುಗೆಮನೆ ಕಡೆ ನಡೆದರು.

"ದಾದಿ, ಇನ್ನೂ ಅರ್ಧ ಇದೆ!" ಮಾಹಿರಾ ಅಜ್ಜಿಯನ್ನು ತಡೆದಳು.

"ನಂಗೆ ಇಷ್ಟೇ ಕಣಮ್ಮ. ಟೆಂಟಲ್ಲೂ ಇಂಟರ್ವಲ್‌ಗೇ ಎದ್ದು ಬರ್ತಿದ್ದೆ. ನಿಮ್ಮ ದಾದಾ ಬರೋ ಹೊತ್ತಿಗೆ ಬಿಸಿ ಅನ್ನ ಆಗ್ಬೇಕಿತ್ತಲ್ಲ."

"ಮತ್ತೆ ಕೊನೇಲಿ ಏನಾಯ್ತು ಅಂತ ಹೆಂಗೆ ಗೊತ್ತಾಗ್ತಿತ್ತು?"

"ಊಟಕ್ಕೆ ಕೂತಾಗ ಕೇಳ್ತಿದ್ದೆ. 'ಎಲ್ಲಾ ಸರಿಹೋಯ್ತು, ಅನ್ನ ಬಡ್ಸು' ಅನ್ನೋರು. ಇಪ್ಪತ್ತೆರಡು ವರ್ಷ ಎಲ್ಲಾ ಸಿನಿಮಾದಲ್ಲೂ ಎಲ್ಲಾ ಸರಿಹೋಗಿದೆ."

ಪಾಷಾ ಅವರಿಗೆ ಟೆಂಟಿನ ಪ್ರೊಜೆಕ್ಟರ್ ಕ್ಯಾಬಿನ್ನಿನ ಆ ಪುಟ್ಟ ಕಿಂಡಿ ನೆನಪಾಯಿತು. ಬಿಸಿಯೇರಿದ ಮೆಷಿನ್ನಿನ ವಾಸನೆ, ಮರಳಿನ ಮೇಲೆ ಕಡಲೆಕಾಯಿ ಸಿಪ್ಪೆ, ಹೆಂಗಸರ ಕಡೆಯಿಂದ ದಿನಾ ಇಂಟರ್ವಲ್ಲಿಗೆ ಏಳುತ್ತಿದ್ದ ಒಂದು ಹಸಿರು ಸೀರೆ. ಇವಳಿಗೆ ಸಿನಿಮಾದ ರುಚಿಯೇ ಇಲ್ಲ ಎಂದುಕೊಂಡಿದ್ದರಲ್ಲ! ನಾಚಿಕೆಯಾಯಿತು.

"ಬಾ, ಕೂತ್ಕೋ ಖುರ್ಷಿದಾ. ಅನ್ನ ನಾನು ಮಾಡ್ತೀನಿ."

"ನೀವಾ!"

"ಅಷ್ಟು ದೊಡ್ಡ ಪ್ರೊಜೆಕ್ಟರ್ ಆಳಿದೋನಿಗೆ ಒಂದು ಕುಕ್ಕರ್ ಏನ್ ಮಹಾ?"

ಮಹಾ ಆಗಿಯೇ ಆಯಿತು. ಅಕ್ಕಿಡಬ್ಬ ಸಿಕ್ಕರೆ ಲೋಟ ಸಿಗಲಿಲ್ಲ, ಕುಕ್ಕರಿನ ಮುಚ್ಚಳ ಯಾವ ದಿಕ್ಕಿಗೆ ತಿರುಗಿಸಿದರೂ ಕೂರಲಿಲ್ಲ. ಅತ್ತ ನಡುಮನೆಯಲ್ಲಿ ಅಜ್ಜಿ ಮೊಮ್ಮಗಳು ನಕ್ಕರು, ಮೂಗೊರೆಸಿಕೊಂಡರು, ಆಮೇಲೆ ಜೋರಾಗಿ ಚಪ್ಪಾಳೆ ತಟ್ಟಿದರು. ಪಾಷಾ ಸೌಟು ಹಿಡಿದುಕೊಂಡೇ ಓಡಿ ಬಂದರು. ಪರದೆಯ ಮೇಲೆ ಆಗಲೇ ಹೆಸರುಗಳು ಓಡುತ್ತಿದ್ದವು.

"ಏನಾಯ್ತು? ಅಳಿಲು ಮೇಲೆ ಹತ್ತಿತಾ? ಚಂದ್ರನ್ನ ನೋಡಿತಾ?"

ಖುರ್ಷಿದಾ ಬೇಗಂ ಕಾಲು ಮೇಲಿಟ್ಟುಕೊಂಡು ಸೋಫಾಕ್ಕೆ ಆರಾಮಾಗಿ ಒರಗಿದರು.

"ಎಲ್ಲಾ ಸರಿಹೋಯ್ತು," ಅಂದರು. "ಅನ್ನ ಬಡ್ಸಿ."