ಸೋದರಮಾವನ ತೊಡೆ ಮತ್ತು ಕುರಿಯ ಗುಳಿಗೆ

ತೊಡೆ ಎಂಬುದು ಮನುಷ್ಯನ ಆಜನ್ಮಸಿದ್ಧ ಹಕ್ಕು ಎಂದು ನಾನು ನಂಬಿದ್ದೆ. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆಲ್ಲುತ್ತ, ಹಾಸ್ಟೆಲಿನ ಊಟವನ್ನೂ ಗೆಲ್ಲುತ್ತ ರಜೆಗೆ ಮಧುಗಿರಿಗೆ ಬಂದಾಗ ಅಜ್ಜಿ ನನ್ನನ್ನು ಜಗಲಿಯ ಮೇಲೆ ಕೂರಿಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದಳು.

"ನಂಜೀ, ಬಾರೇ ಇಲ್ಲಿ! ನಿನ್ ತಮ್ಮಂಗೆ ತೊಡೇನೇ ಇಲ್ಲ ಕಣೇ! ಹೊಟ್ಟೆ ಮುಗೀತಿದ್ದಂಗೇ ಮಂಡಿ ಬಂದ್ಬುಡ್ತೈತೆ!"

ವಿಷಯ ಗಂಭೀರವಾಗಿತ್ತು. ಅಕ್ಕನ ಮಗಳು ಪುಟ್ಟಿಗೆ ಮುಂದಿನ ತಿಂಗಳು ಕಿವಿ ಚುಚ್ಚಬೇಕು. ಮಗು ಸೋದರಮಾವನ ತೊಡೆಯ ಮೇಲೇ ಕೂರಬೇಕು. ಇರುವ ಸೋದರಮಾವ ನಾನೊಬ್ಬನೇ. ಬರಗೂರಿನಿಂದ ಬರುವ ಅಕ್ಕನ ಅತ್ತೆ, "ತೌರುಮನೇಲಿ ಒಂದು ತೊಡೆ ಹುಟ್ಲಿಲ್ವೇ?" ಎಂದು ಕೇಳಿಬಿಟ್ಟರೆ ಅಕ್ಕ ಆ ಮಾತನ್ನು ಜನ್ಮವೆಲ್ಲ ಹೊರಬೇಕು.

"ಈ ಸಂಪ್ರದಾಯಕ್ಕೆ ಆಧಾರವೇನು? ಮಣೆಯ ಮೇಲೆ ಕೂರಿಸಿದರೆ ಕಿವಿ ತೂತಾಗುವುದಿಲ್ಲವೇ?" ಎಂದು ವಾದ ಹೂಡಿದೆ.

"ಆಗ್ತೈತೆ. ಆಮೇಲೆ ನಮ್ಮತ್ತೆ ದಿನಾ ನನ್ ಕಿವಿ ತೂತು ಮಾಡ್ತಾರೆ" ಎಂದಳು ಅಕ್ಕ.

ಅಕ್ಕ ಊರಿನ ಆಸ್ಪತ್ರೆಯಲ್ಲಿ ನರ್ಸು. ನನ್ನನ್ನು ಡಾಕ್ಟರಿಗೆ ತೋರಿಸಿ, ಕುರಿಯ ಕೊರಳಿನ ಗ್ರಂಥಿಯಿಂದ ಮಾಡಿದ ಥೈರಾಯ್ಡ್ ಗುಳಿಗೆ ಬರೆಸಿಕೊಂಡು ಬಂದಳು. ಕುರಿ ತಿಂದು ಬೆಳೆಸಿದ ಹೊಟ್ಟೆಯನ್ನು ಕುರಿಯಿಂದಲೇ ಕರಗಿಸುವ ವಿಜ್ಞಾನ! ನನ್ನ ತರ್ಕಬುದ್ಧಿ ತಲೆದೂಗಿತು.

"ಬೆಳಿಗ್ಗೆ ಒಂದೇ ಗುಳಿಗೆ. ನುಂಗೋಕ್ ಮುಂಚೆ ನಾಡಿ ನೋಡ್ತೀನಿ. ಕಾಫಿ ಬಂದ್. ಮುದ್ದೆ ಅರ್ಧ. ವಾರ ವಾರ ಅದೇ ತಕ್ಕಡೀಲಿ, ಅದೇ ಬಟ್ಟೇಲಿ ತೂಕ. ಎದೆ ಹೊಡ್ಕಂಡ್ರೆ, ನಿದ್ದೆ ಕೆಟ್ರೆ, ಕೈಕಾಲು ನಡುಗಿದ್ರೆ ತಕ್ಷಣ ನಂಗೆ ಹೇಳ್ಬೇಕು. ತಿಳೀತೇನ್ಲಾ?"

ತಿಳಿಯಿತು. ಆದರೆ ತಿಳಿದದ್ದನ್ನು ಪ್ರಶ್ನಿಸುವುದೇ ವಿದ್ಯಾವಂತನ ಲಕ್ಷಣ! ಅತ್ತೆಯನ್ನು ಕರೆತರಲು ಅಕ್ಕ ಬರಗೂರಿಗೆ ಹೋದದ್ದೇ ತಡ, ಸೀಸೆ ನನ್ನ ಸ್ವಾಧೀನಕ್ಕೆ ಬಂತು. ಒಂದು ಗುಳಿಗೆ ಒಂದಷ್ಟು ಕರಗಿಸಿದರೆ ಎರಡು ಅದರ ಎರಡರಷ್ಟನ್ನು ಕರಗಿಸಲೇಬೇಕು. ಯಾವ ಪ್ರತಿಪಕ್ಷವೂ ಇದನ್ನು ಅಲ್ಲಗಳೆಯಲಾರದು. ಇನ್ನು, ಕರಗಿಸುವ ಕೆಲಸ ಗುಳಿಗೆಗೆ ವಹಿಸಿದ ಮೇಲೆ ಮುದ್ದೆಯನ್ನು ಅರ್ಧ ಮಾಡುವುದು ಗುಳಿಗೆಯ ಮೇಲಿನ ಅವಿಶ್ವಾಸವಲ್ಲವೇ? ಹಸಿವೂ ಭಯಂಕರವಾಗಿತ್ತು. ಅವರೆಕಾಳಿನ ಸಾರು ಬಡಿಸುವ ಸೌಟು ಅಜ್ಜಿಯ ಕೈಯಿಂದ ಇಳಿಯಲೇ ಇಲ್ಲ.

ನಿದ್ದೆ ಹಾರಿತು. ಹಗಲು ತೂಕಡಿಕೆ ಬಂತು. ಅದಕ್ಕೆ ಕಾಫಿ ಕುಡಿದೆ. ಎದೆ ತಮಟೆ ಬಾರಿಸತೊಡಗಿತು. ಕೊಬ್ಬು ಹೆದರಿ ಓಡುತ್ತಿರುವ ಕಾಲಸಪ್ಪಳವಿದು ಎಂದು ಸಿದ್ಧಾಂತ ಮಾಡಿದೆ.

ಕಡಲೆಕಾಯಿ ಮಂಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡೆ. ಇಳಿದಿದ್ದೆ! ಮೊದಲ ಸಲ ಕೋಟು, ಬೂಟು, ಕೈಯಲ್ಲಿ ಕೊಡೆ ಇದ್ದವು. ಈ ಸಲ ತುಂಡುಪಂಚೆ ಮಾತ್ರ.

"ಏನ್ ಸ್ವಾಮೀ, ನಾವು ಕಾಯಲ್ಲಿ ಮಣ್ಣು ಕಳೀತೀವಿ, ನೀವು ಮೈಮೇಲಿನ್ ಬಟ್ಟೇನೇ ಕಳ್ದ್ರಿ!" ಎಂದ ತೂಗುವವನು. ಅಸೂಯೆ! ವಿಜಯೋತ್ಸವಕ್ಕೆ ಅಜ್ಜಿಯಿಂದ ಒಬ್ಬಟ್ಟು ಮಾಡಿಸಿ ತಿಂದೆ.

ಶುಭದಿನ ಬಂತು. ಅತ್ತೆಯೊಡನೆ ಅಂದೇ ಬೆಳಿಗ್ಗೆ ಬಂದಿಳಿದ ಅಕ್ಕನಿಗೆ ನನ್ನ ನಾಡಿ ನೋಡಲು ಪುರುಸೊತ್ತಾಗಲಿಲ್ಲ. ಹಿಂದಕ್ಕೆ ಒರಗಿ, ಹೊಟ್ಟೆಯನ್ನು ಒಳಕ್ಕೆಳೆದು ಕೂತಾಗ ಗೇಣಗಲದ ತೊಡೆಯೊಂದು ಬೆಳಕಿಗೆ ಬಂತು. ಅಕ್ಕನ ಮುಖ ಅರಳಿತು. ಪುಟ್ಟಿಯನ್ನು ಕೂರಿಸಿದರು. ತೊಡೆ ಗಡಗಡ ನಡುಗತೊಡಗಿತು! ಪುಟ್ಟಿಗೆ ಪರಮಾನಂದ, ಕೇಕೆ ಹಾಕಿ ನಕ್ಕಳು.

ಚಿನ್ನದ ತಂತಿ ಹಿಡಿದ ಅಕ್ಕಸಾಲಿ ಆಚಾರರು ಹಿಂದೆ ಸರಿದರು. "ತೊಡೆ ನಿಲ್ಸಿ ಸ್ವಾಮೀ! ಕಿವಿಗೆ ಗುರಿ ಇಟ್ರೆ ಮೂಗು ಬತ್ತೈತೆ!"

"ಜಟಕಾ ಗಾಡೀಲಿ ಕಿವಿ ಚುಚ್ಚೋದು ನಿಮ್ ಕಡೆ ಪದ್ಧತಿಯೇನಮ್ಮ?" ಎಂದು ಅಕ್ಕನ ಅತ್ತೆ ರಾಗ ಎಳೆದರು.

ಅಕ್ಕ ಸರಕ್ಕನೆ ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದಳು. "ಲೇ! ದಿನಕ್ಕೆ ಎಷ್ಟು ನುಂಗ್ದೆ?"

"ಈ ಪ್ರಶ್ನೆ ಪ್ರಸ್ತುತ ವಿಷಯಕ್ಕೆ..."

"ಎಷ್ಟ್ಲಾ?"

"ಎರಡು. ಹುರುಪು ಬಂದಾಗ ಮೂರು."

"ಆ ಗುಳಿಗೆ ಮಾಡಿದ್ ಕುರೀಗೂ ನಿನಗಿಂತ ಬುದ್ಧಿ ಇತ್ತು ಕಣ್ಲಾ! ಗುಳಿಗೆ ಬಂದ್. ಇದು ಮುಗಿದೇಟ್ಗೆ ಡಾಕ್ಟ್ರತ್ರ ನಡಿ. ಈಗ ಅಂಗಾತ ಮಲಕ್ಕೋ!"

ಮಲಗಿದೆ. ನಡುಮನೆಯಲ್ಲಿ ಎರಡನೆಯ ಮಧುಗಿರಿ ಬೆಟ್ಟ ಎದ್ದಿತು! ಅಕ್ಕನ ಕಣ್ಣಲ್ಲಿ ನೀರು. ಅಷ್ಟರಲ್ಲಿ ಪುಟ್ಟಿ ಅಂಬೆಗಾಲಿಟ್ಟು ಬಂದು, ನನ್ನ ಪಕ್ಕೆಯನ್ನು ಹತ್ತಿ, ಶಿಖರದ ಮೇಲೆ ರಾಣಿಯಂತೆ ಕೂತುಬಿಟ್ಟಳು.

ಅಜ್ಜಿ ಚೀರಿದಳು: "ಆಚಾರ್ರೇ, ಕಾಲು ನಡುಗಿದ್ರೇನು, ಹೊಟ್ಟೆ ಅಲ್ಲಾಡ್ತಿಲ್ಲ! ಚುಚ್ಬುಡಿ! ಲೇ, ಉಸ್ರು ಬಿಗಿ ಹಿಡಿ!"

ಹಿಡಿದೆ. ಒಂದು ಕಿವಿ. ಇನ್ನೊಂದು ಕಿವಿ. ಪುಟ್ಟಿ ಒಮ್ಮೆ ಕಿರುಚಿ, ಬಾಯಿಗೆ ಬೆಲ್ಲ ಬಿದ್ದೊಡನೆ ನಕ್ಕಳು.

ಎಲ್ಲರೂ ಅತ್ತೆಯ ಮುಖ ನೋಡಿದರು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಲುಕುಲು ನಗುತ್ತಿದ್ದರು. "ತೊಡೆ ಎಲ್ಲಾರ್ ತೌರಲ್ಲೂ ಇರ್ತೈತೆ ಕಣಮ್ಮ, ಇಂಥ ಸಿಂಹಾಸನ ಎಲ್ಲೈತೆ? ಕರಗಿಸ್ಬ್ಯಾಡಪ್ಪ, ಮುಂದಿನ್ ಮಗೀಗೂ ಬೇಕು!"

ಅಕ್ಕ ಅಳುತ್ತಲೇ ನಕ್ಕಳು. ಈ ನಿರ್ಣಯಕ್ಕೆ ನನ್ನಲ್ಲಿ ಬಲವಾದ ಆಕ್ಷೇಪಗಳಿದ್ದವು. ಆದರೆ ಎದ್ದು ನಿಂತು ಮಾತಾಡಬೇಕೆಂಬುದು ಚರ್ಚೆಯ ನಿಯಮ.

ಪುಟ್ಟಿ ಇಳಿಯಲಿಲ್ಲ!