ಆತ್ಯಾಳ ನಕಲು ಪರೀಕ್ಷೆ

ನಮ್ಮ ಆತ್ಯಾ ಈ ಭೂಮಿಯ ಮೇಲೆ ನಂಬುವುದು ಎರಡನ್ನೇ: ಬೆಳಿಗ್ಗೆ ಹುಟ್ಟುವ ಸೂರ್ಯ, ಮತ್ತು ತಾನೇ ಕೈಯಾರೆ ಹಾಕಿದ ಬೀಗ. ಸೂರ್ಯನನ್ನೂ ಮಾಳಿಗೆ ಹತ್ತಿ ಕಣ್ಣಾರೆ ನೋಡಿದ ಮೇಲೆಯೇ ಚಹಾಕ್ಕೆ ನೀರಿಡುತ್ತಾಳೆ. ಬೀಗವನ್ನಂತೂ ಮೂರು ಸಲ ಜಗ್ಗುತ್ತಾಳೆ. ಹಾಗಾದರೆ ಒಟ್ಟು ನಂಬುವುದು ಎಷ್ಟನ್ನು? ನೀವೇ ಹೇಳಿ!

ಆತ್ಯಾ ಅಂದರೆ ಅಪ್ಪನ ಅಕ್ಕ. ಅತ್ತೆಯನ್ನು ಮರಾಠಿಯಲ್ಲಿ ಕರೆದು ಕನ್ನಡದಲ್ಲಿ ಬೈಸಿಕೊಳ್ಳುವ ಸೊಲ್ಲಾಪುರದ ಮಂದಿ ನಾವು. ಆಕೆಯ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ, "ನನ್ನ ಹೆಸರ ಬರೀಲಿಕ್ಕೆ ಪರವಾನಗಿ ಯಾರು ಕೊಟ್ರು? ಪುರಾವಾ ತೋರಸು!" ಎಂದು ಈ ಪುಟದೊಳಗೇ ಬಂದು ನಿಂತಾಳು.

ಲಗ್ನಪತ್ರಿಕೆ ಬಂದರೆ ಮನೆಯ ಉಳಿದವರು ಸೀರೆ ಹುಡುಕುತ್ತಾರೆ. ಆತ್ಯಾ ರಿಕ್ಷಾ ಹುಡುಕುತ್ತಾಳೆ. ಮಂಗಲ ಕಾರ್ಯಾಲಯಕ್ಕೆ ಹೋಗಿ, ಆ ತಾರೀಖಿಗೆ ಆ ಹೆಸರಿನ ಮದುವೆ ನಿಜವಾಗಿಯೂ ಇದೆಯೇ ಎಂದು ವಿಚಾರಿಸಿ ಬರಬೇಕಲ್ಲ! ಒಮ್ಮೆ ಹೀಗೆ ಹೋದವಳನ್ನು ಅಂದು ಅಲ್ಲಿ ನಡೆಯುತ್ತಿದ್ದ ಯಾರದೋ ಮದುವೆಯವರು ಗಂಡಿನ ಕಡೆಯವಳೆಂದು ತಿಳಿದು ಪಂಕ್ತಿಗೆ ಕೂರಿಸಿದರು. ಉಂಡು ಬಂದಳು. "ಈ ಮದುವಿ ಖರೇ ಅದ, ನಾನ ಉಂಡು ನೋಡೀನಿ. ನಮ್ಮವ್ರದು ಇನ್ನ ಗೊತ್ತಿಲ್ಲ" ಎಂದಳು.

ಇದಕ್ಕೆಲ್ಲ ಮೂಲ ಆಕೆಯ ನೌಕರಿ. ಮೂವತ್ತು ವರ್ಷ ಕಚೇರಿಯೊಂದರಲ್ಲಿ ಕಾಗದಪತ್ರಗಳ ಮೇಲೆ ಶಿಕ್ಕಾ, ಅಂದರೆ ಮೊಹರು, ಒತ್ತಿದ ಕೈ ಅದು. ಶಿಕ್ಕಾ ಕಂಡರೆ ಲೋಕ ಕೈಮುಗಿಯುತ್ತದೆ. ಆತ್ಯಾ ಮಾತ್ರ ಅದನ್ನು ಹೋಟೆಲಿನ ಅಡುಗೆಯವನು ತನ್ನದೇ ಸಾರನ್ನು ನೋಡುವ ಹಾಗೆ ನೋಡುತ್ತಾಳೆ. "ಶಿಕ್ಕಾ ಏನ್ ಹೇಳ್ತದಲೇ? ಮ್ಯಾಲಿಂದ ಒಂದು ಕೈ ಬಿತ್ತು ಅಂತ ಹೇಳ್ತದ. ಅಷ್ಟ! ಆ ಕೈ ನಂದು. ನನಗ ಗೊತ್ತಿಲ್ಲೇನು?"

ಇನ್ನು ನನ್ನ ವಿಷಯ. ದೇವರು ಪ್ರತಿಯೊಬ್ಬರಿಗೂ ಒಂದು ದನಿ ಹಂಚುತ್ತಾ ಬಂದವನು ನನ್ನ ಸರದಿಗೆ ಬರುವಷ್ಟರಲ್ಲಿ ಚೀಲ ಖಾಲಿಯಾಗಿತ್ತಂತೆ. "ಊರವರದು ಸ್ವಲ್ಪ ಸ್ವಲ್ಪ ತಗೋ, ಹೊಂದಿಸಿಕೋ" ಎಂದು ಕಳಿಸಿಬಿಟ್ಟ. ಅಂದಿನಿಂದ ನನಗೆ ಬರುವ ವಿದ್ಯೆ ಒಂದೇ, ನಕಲು. ಕಂಡಕ್ಟರ್, ಕಿರಾಣಿ ಅಂಗಡಿಯವ, ಫೋನಿನಲ್ಲಿ ಸಾಹೇಬರ ಜೊತೆ ಮಾತಾಡುವಾಗ ಎದ್ದು ನಿಲ್ಲುವ ನಮ್ಮಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನಾನು ನಾನಾಗಿಯೇ ಮಾತಾಡಿದರೆ ಮನೆಯವರು, "ಇದು ಯಾರದೋ?" ಎಂದು ಕೇಳುತ್ತಾರೆ.

ಚಿಕ್ಕವನಿದ್ದಾಗ ಶಾಲೆಯಿಂದ ಬಂದ ಕೂಡಲೇ ಆತ್ಯಾ ನನ್ನನ್ನು ಎದುರು ನಿಲ್ಲಿಸಿ, "ಹ್ಞೂಂ, ಇವತ್ತ ಯಾರ್‍ಯಾರು ಕಲಿಸಿದ್ರು, ಮಾಡಿ ತೋರಸು" ಎನ್ನುತ್ತಿದ್ದಳು. ಒಂದು ದಿನ ಗಣಿತದ ಸರ್ ಪ್ಯಾಂಟು ಎತ್ತಿಕೊಳ್ಳುವುದು, ಮರಾಠಿ ಟೀಚರ್ ಕವಿತೆ ಓದುತ್ತಾ ಕಿಟಕಿ ಹೊರಗೆ ತಮ್ಮ ಸ್ಕೂಟಿ ಇದೆಯೇ ಎಂದು ನೋಡುವುದು, ಎಲ್ಲವನ್ನೂ ಮಾಡಿದೆ. "ಭೂಗೋಳದವ್ರು?" ಎಂದಳು.

"ಅವ್ರದು ಹೆಂಗ ಮಾಡ್ಲಿ ಆತ್ಯಾ? ಅವ್ರನ್ನ ನಾ ನೋಡೇ ಇಲ್ಲ."

ಮರುದಿನ ಆತ್ಯಾ ಕೊಡೆ ಹಿಡಿದು ಶಾಲೆಗೆ ಬಂದಳು. ಹಾಜರಿ ಪುಸ್ತಕದಲ್ಲಿ ಭೂಗೋಳದವರು ತಿಂಗಳುಗಟ್ಟಲೆ ಹಾಜರು, ಸಹಿಯೂ ದುಂಡಗೆ. ಆಕೆ ಆ ಪುಸ್ತಕ ಮುಚ್ಚಿ, "ನಮ್ಮ ಹುಡುಗಗ ಇವ್ರ ನಕಲು ಬರಂಗಿಲ್ಲ. ಅಂದ್ರ ಇವ್ರು ಇಲ್ಲ" ಎಂದು ತೀರ್ಪು ಕೊಟ್ಟಳು! ಮುಂದಿನ ಸೋಮವಾರ ಭೂಗೋಳ ಪ್ರತ್ಯಕ್ಷವಾಯಿತು. ಎರಡು ದಿನದಲ್ಲಿ ಅವರ ಕೆಮ್ಮು ನನಗೆ ಕರಗತ.

ಓದಿದ್ದು ಮರಾಠಿ ಶಾಲೆಯಲ್ಲಾದ್ದರಿಂದ ನನಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅದನ್ನು ಕಲಿಸಿದವಳೂ ಆತ್ಯಾಳೇ. ಪಾಟಿ ಮೇಲೆ ಕಲಿಸಿದಳು ಅಂದುಕೊಂಡಿರೇನು? ಸೊಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ! ಸಂಜೆ ಕರ್ನಾಟಕದ ಬಸ್ಸುಗಳು ನಿಲ್ಲುವ ಕಡೆ ನನ್ನನ್ನು ನಿಲ್ಲಿಸಿ ಬೋರ್ಡು ಓದಿಸುತ್ತಿದ್ದಳು. ನಾನು ತಡವರಿಸಿದರೆ ಹೇಳಿಕೊಡುತ್ತಿರಲಿಲ್ಲ. ಒಂದು ಬೆರಳು ಆ ಅಕ್ಷರದ ಕಡೆ, ಹುಬ್ಬು ಮೇಲೆ, ಬಾಯಿ ಅರ್ಧ ತೆರೆದು, ಉಸಿರು ಹಿಡಿದು ನಿಂತುಬಿಡುತ್ತಿದ್ದಳು. ನೋಡಿದವರು ಯಾರೋ ಮುದುಕಿಗೆ ಸೀನು ಬರುತ್ತಿದೆ ಅಂದುಕೊಳ್ಳಬೇಕು! ಒಂದು ಸಂಜೆ ನಾನು 'ಅಫಜಲಪುರ'ದ ಅರ್ಧಕ್ಕೆ ಬಂದಿದ್ದೆ, ಬಸ್ಸು ಹೊರಟೇಬಿಟ್ಟಿತು. ಆತ್ಯಾ ಓಡಿಹೋಗಿ ಬಸ್ಸಿನ ಮುಂದೆ ಎರಡೂ ಕೈ ಅಗಲಿಸಿ ನಿಂತಳು.

"ತಡೀರಿ! ಹುಡುಗ ಇನ್ನೂ ಓದಲಿಕ್ಕತ್ಯಾನ!"

ಡ್ರೈವರ್ ತಡೆದ. ಒಳಗಿದ್ದ ಐವತ್ತು ಮಂದಿ ತಡೆದರು. ನಾನು 'ಪುರ' ಎಂದ ಮೇಲೆಯೇ ಅವರೆಲ್ಲ ಅಫಜಲಪುರಕ್ಕೆ ಹೋದದ್ದು.

ಇಂಥವಳು ನಿವೃತ್ತಿಯಾದ ಮೇಲೆ ಸುಮ್ಮನಿರುತ್ತಾಳೆಯೇ? ಪದವಿ ಮುಗಿಸಿ ಶಿಕ್ಷಕರಾಗಬೇಕೆನ್ನುವವರಿಗೆ ಬಿ.ಎಡ್. ಓದಲು ನಮ್ಮ ಕಡೆಯ ಕೆಲವು ಹಿರಿಯರು ಸಮಿತಿ ಕಟ್ಟಿ ವಿದ್ಯಾರ್ಥಿವೇತನ ಕೊಡುತ್ತಾರೆ. ಶರತ್ತು ಒಂದೇ: ಅರ್ಜಿಗೆ ಮೊದಲು ಒಂದು ವರ್ಷ ಯಾವುದಾದರೂ ಹಳ್ಳಿಯಲ್ಲಿ ಪುಕ್ಕಟೆ ಪಾಠ ಹೇಳಿರಬೇಕು. ಹೇಳಿದ್ದಾರೋ ಇಲ್ಲವೋ ನೋಡಿ ಬರುವವರು ಯಾರು? ಬಿಸಿಲಿಗೆ ಹೆದರಿ ಸಮಿತಿಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಆತ್ಯಾ ಕೊಡೆ ಬಿಚ್ಚಿದಳು. ಆಗಲೇ ಆಕೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದನ್ನು ತೆಗೆಸಿದ್ದಾಳೆ. ಇನ್ನೊಂದನ್ನು ತೆಗೆಸಿಲ್ಲ, ಮೊದಲನೆಯದು ನೆಟ್ಟಗಾಗಿದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲವಂತೆ!

ಮೈಂದರ್ಗಿಯ ಒಬ್ಬ ಅಭ್ಯರ್ಥಿ ದಪ್ಪ ಫೈಲು ತಂದ. ಅದರಲ್ಲಿ ಪ್ರಮಾಣಪತ್ರ, ಶಿಕ್ಕಾ, ಮಕ್ಕಳಿಗೆ ಬಾಳೆಹಣ್ಣು ಕೊಡುವ ಬಣ್ಣದ ಫೋಟೋ. ಆತ್ಯಾ ಅವನು ಪಾಠ ಹೇಳಿದ ಹಳ್ಳಿಗೆ ಹೋಗಿ, ಫೈಲನ್ನು ಕೆಳಗಿಟ್ಟು ಅದರ ಮೇಲೆ ಕೂತು ಮಕ್ಕಳನ್ನು ಕೇಳಿದಳು, "ನಿಮ್ಮ ಸರ್ ಹೆಂಗ ಇರ್ತಾರ, ಮಾಡಿ ತೋರಸ್ರಿ." ಮಕ್ಕಳೆಲ್ಲ ಒಟ್ಟಿಗೆ ಎದ್ದು, ಕೈಯಲ್ಲಿ ಇಲ್ಲದ ಬಾಳೆಹಣ್ಣು ಮುಂದೆ ಚಾಚಿ, ಕುತ್ತಿಗೆ ಓರೆ ಮಾಡಿ, ಹಲ್ಲು ಬಿಟ್ಟು ಫೋಟೋಕ್ಕೆ ನಿಂತರು. ಅಷ್ಟೇ. ಅದರ ಮುಂದೆ ಅವರಿಗೆ ಏನೂ ಗೊತ್ತಿರಲಿಲ್ಲ!

ನಂದೇಶ್ವರದ ಹುಡುಗಿಯೊಬ್ಬಳ ಬಳಿ ಒಂದು ಚೀಟಿಯೂ ಇರಲಿಲ್ಲ. ಆದರೆ ಆಕೆಯ ನಕಲು ಮಾಡಲು ಮಕ್ಕಳು ಜಗಳಕ್ಕೇ ಬಿದ್ದವು. ಸೀಮೆಸುಣ್ಣದ ಧೂಳಿಗೆ ಆಕೆ ಮೂರು ಸಲ ಸೀನುವುದು, ಸೀನಿ ತಾನೇ ನಗುವುದು, ಓಢಣಿಯಿಂದ ಕರಿಹಲಗೆ ಒರೆಸುವುದು. ಆತ್ಯಾಳ ವರದಿ ಯಾವಾಗಲೂ ಚುಟುಕು: "ಹುಡುಗರು ಈಕಿನ ಸೀನು ಸುದ್ದಾ ಕಲ್ತಾವ. ಕೊಡಬೇಕು."

ಆಮೇಲೆ ಬಂತು ನನ್ನ ಸರದಿ.

ಬಿ.ಎ. ಮುಗಿದಿತ್ತು. ಅಪ್ಪ ಎರಡೇ ದಾರಿ ತೋರಿಸಿದ್ದರು: ವಿದ್ಯಾರ್ಥಿವೇತನ ಸಿಕ್ಕರೆ ಬಿ.ಎಡ್., ಸಿಗದಿದ್ದರೆ ಮಾಮಾನ ಟವೆಲ್ ಅಂಗಡಿ. ಟವೆಲ್ಲಿಗೆ ನಾನು ಯಾರ ನಕಲು ಮಾಡಿ ತೋರಿಸಲಿ? ಚಪಳಗಾಂವದ ಕಡೆ ಕುರಿ ಕಾಯುವ ಮನೆಗಳ ಮಕ್ಕಳಿಗೆ ಒಂದು ವರ್ಷ ಭಾನುವಾರ ಭಾನುವಾರ ಕನ್ನಡ ಅಕ್ಷರ ಕಲಿಸಿದೆ. ಬೀರೋಬಾನ ಗುಡಿಯ ಕಟ್ಟೆಯೇ ಶಾಲೆ. ಅವೂ ನನ್ನ ಹಾಗೆಯೇ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಟಗರಿನ ದನಿಯಲ್ಲಿ ಕಾಗುಣಿತ, ಕಂಡಕ್ಟರನ ದನಿಯಲ್ಲಿ ಒತ್ತಕ್ಷರ. ತಪ್ಪು ಓದಿದವರಿಗೆ ಆತ್ಯಾಳ ದನಿ: "ಪುರಾವಾ ತೋರಸು!" ಕಟ್ಟೆ ನಕ್ಕೂ ನಕ್ಕೂ ಕುಸಿಯಬೇಕು!

ಅರ್ಜಿ ಹಾಕಿ ಆತ್ಯಾಳ ಮುಂದೆ ಎದೆಯುಬ್ಬಿಸಿ ನಿಂತೆ.

"ನಿನ್ನ ಮ್ಯಾಲ ನನಗ ನಂಬಿಕಿ ಇಲ್ಲ" ಎಂದಳು.

"ನಾ ನಿನ್ನ ಕೈಯಾಗ ಬೆಳದಾಂವ, ಆತ್ಯಾ!"

"ಅದಕ್ಕ ಇಲ್ಲ, ಮಂಗ್ಯಾ."

ಸಮಿತಿಗೂ ಹೋಗಿ, "ಅಂವ ನನ್ನ ತಮ್ಮನ ಮಗ. ಬ್ಯಾರೆಯವ್ರನ್ನ ಕಳಸ್ರಿ" ಎಂದಳಂತೆ. ಅಧ್ಯಕ್ಷರು ನಕ್ಕು, "ಅಕ್ಕಾ, ನೀವ ಹೋಗ್ರಿ. ಬ್ಯಾರೆಯವ್ರಾದ್ರ ಆ ಹುಡುಗಗ ಒಂದೀಟು ದಯಾ ತೋರಿಸ್ಯಾರು" ಎಂದರಂತೆ.

ಅವಳು ಯಾವ ಭಾನುವಾರ ಬರುತ್ತಾಳೆಂದು ಹೇಳಲಿಲ್ಲ. ಒಂದು ಬೆಳಿಗ್ಗೆ ನಾನು ಪಾಠದ ನಡುವೆ ಇದ್ದೆ. ಗುಡಿಯ ಆಚೆ ಯಾರೋ ಟಗರಿನ ವ್ಯಾಪಾರ ಮಾಡುತ್ತಿದ್ದರು.

"ಟಗರು ಯಾತಕ್ಕರೀ ಅಕ್ಕಾರ?"

"ಸಾಕಲಿಕ್ಕೆ."

"ಸೊಲ್ಲಾಪುರದಾಗ? ಎಲ್ಲಿ ಕಟ್ತೀರಿ?"

"ಮಾಳಗಿ ಮ್ಯಾಲ! ಅದಿರಲಿ, ಈ ಟಗರು ನಿಮ್ಮದ ಅನ್ನೂದಕ್ಕ ಪುರಾವಾ ತೋರಸ್ರಿ."

ಮಕ್ಕಳು ಗಕ್ಕನೆ ನನ್ನನ್ನು ನೋಡಿದವು. ನನ್ನ ಬಾಯಿ ಮುಚ್ಚಿತ್ತು! ಮುಂದೆ ಕೂತಿದ್ದ ಹುಡುಗ ಹೌಹಾರಿ ಕೂಗಿದ, "ಸರ್, ನಿಮ್ಮ ದನಿ ಹೊರಗ ಹೋಗೇತ್ರಿ!"

ಆತ್ಯಾ ಕಟ್ಟೆಗೆ ಬಂದು ನನ್ನನ್ನು ಗುಡಿಯ ಹಿಂದಕ್ಕೆ ಅಟ್ಟಿದಳು. ನಾನು ಗೋಡೆಯ ಮೂಲೆಯಿಂದ ಒಂದು ಕಣ್ಣು ಹೊರಗಿಟ್ಟೆ.

"ನಿಮ್ಮ ಸರ್ ಹೆಂಗ ಇರ್ತಾರ, ಮಾಡಿ ತೋರಸ್ರಿ."

ಒಬ್ಬ ಹುಡುಗ ಎದ್ದು, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಪುರಾವಾ ತೋರಸು!" ಎಂದ. ಕಟ್ಟೆಯೆಲ್ಲ ನಗು. ಆತ್ಯಾ ತನ್ನ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವನನ್ನು ನೋಡಿದಳು. ಕನ್ನಡಿಯಲ್ಲಿ ನೋಡಿದಂತಾಯಿತು!

"ಇದು ಯಾರು?"

"ನಮ್ಮ ಸರ್ ರೀ!"

ಇನ್ನೊಬ್ಬ ಕಂಡಕ್ಟರಾದ. ಮತ್ತೊಬ್ಬ ಟಗರಾಗಿ ಗುಡಿಯ ಕಂಬಕ್ಕೆ ಹಾಯ್ದ.

"ಇವೆಲ್ಲ ಬ್ಯಾರೆಯವ್ರು. ನಿಮ್ಮ ಸರ್ ಎಲ್ಲಿದ್ದಾರ?"

ಮಕ್ಕಳು ಮುಖ ಮುಖ ನೋಡಿಕೊಂಡವು. ನಗು ನಿಂತಿತು. ಗೋಡೆಯ ಹಿಂದೆ ನಾನು ಲೆಕ್ಕ ಹಾಕಿದೆ. ಒಂದು ವರ್ಷದ ಭಾನುವಾರಗಳನ್ನು ಸುರಿದಿದ್ದೇನೆ, ಕಟ್ಟೆಯ ಮೇಲೆ ಇಡೀ ಸೊಲ್ಲಾಪುರ ಜಿಲ್ಲೆಯೇ ಹಾಜರಿದೆ, ನಾನೊಬ್ಬನೇ ಗೈರು! ಆತ್ಯಾ ಚೀಲದಿಂದ ಪೆನ್ಸಿಲು ತೆಗೆದಳು. ಭೂಗೋಳದ ಸರ್ ನನಗೆ ನೆನಪಾದರು. ಮಾಮಾನ ಅಂಗಡಿಯಲ್ಲಿ ಟವೆಲ್ ಮಡಿಸುವ ನಾನೂ ಕಂಡೆ.

ಆಗ ಹಿಂದಿನ ಸಾಲಿನಿಂದ ಒಂದು ಹುಡುಗಿ ಎದ್ದಳು. ಎಂಟು ವರ್ಷದವಳಿರಬೇಕು. ತರಗತಿಯಲ್ಲಿ ಎಲ್ಲರಿಗಿಂತ ನಿಧಾನ ಓದುವವಳು ಅವಳೇ.

"ಅಕ್ಕಾರ, ಸರ್ ಸುಮ್ಕ ಕುಂತಾಗ ಹೆಂಗ ಇರ್ತಾರ, ತೋರಸ್ಲ್ಯಾ?"

"ತೋರಸು."

ಅವಳು ತನ್ನ ತಮ್ಮನ ಪಕ್ಕ ಕೂತು ಅವನ ತೊಡೆಯ ಮೇಲೆ ಪುಸ್ತಕ ಬಿಡಿಸಿದಳು. ಅಕ್ಷರದ ಕೆಳಗೆ ಬೆರಳಿಟ್ಟಳು. ಹುಬ್ಬು ಮೇಲೆ ಮಾಡಿ, ಬಾಯಿ ಅರ್ಧ ತೆರೆದು, ಉಸಿರು ಹಿಡಿದು ಕಾದಳು. ಅವನು "ಕಂ..." ಎಂದ. ಕಾದಳು. "ಬ..." ಎಂದ. ಕಾದಳು. ಆತ್ಯಾಳ ಪೆನ್ಸಿಲು ಗಾಳಿಯಲ್ಲೇ ನಿಂತಿತ್ತು. "...ಳಿ" ಎಂದು ಅವನು ಮುಗಿಸಿದ ಮೇಲೆ ಹುಡುಗಿ ಉಸಿರು ಬಿಟ್ಟು, ಓದಿದ್ದು ತಾನೇ ಎಂಬಂತೆ ನಕ್ಕಳು.

"ಹಿಂಗ ರೀ. ನಾವು ಓದೂತನಾ ಹೇಳಿಕೊಡಂಗಿಲ್ಲ ರೀ."

ನಾನು ಹಾಗೆ ಮಾಡುತ್ತೇನೆಂಬುದು ನನಗೇ ಗೊತ್ತಿರಲಿಲ್ಲ, ದೇವರಾಣೆ! ಆತ್ಯಾಳ ಬೈಗುಳ, ಕೊಡೆ, ಕನ್ನಡಕ ಎಲ್ಲವನ್ನೂ ಕಷ್ಟಪಟ್ಟು ಕದ್ದಿದ್ದೆ. ಇದನ್ನು ಮಾತ್ರ ಯಾವಾಗ ಕದ್ದೆನೋ! ಆತ್ಯಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಮತ್ತೆ ಒರೆಸಿದಳು. ಮೂರನೆಯ ಸಲ ಒರೆಸಿದ ಮೇಲೂ ಹಾಕಿಕೊಳ್ಳಲಿಲ್ಲ.

ಸಂಜೆ ಅಕ್ಕಲಕೋಟೆಯ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ವರದಿ ಬರೆದಳು. ನನಗೆ ಕಾಣದಂತೆ ಕೈ ಅಡ್ಡ ಹಿಡಿದೇ ಬರೆದಳು. ಬರೆದಾದ ಮೇಲೆ ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು, ಸೋತು ನನ್ನ ಕಡೆ ಚಾಚಿದಳು.

"ಸಾಲು ಸೀದಾ ಅದಾವೇನು ನೋಡು. ಓದಬ್ಯಾಡ ಮತ್ತ!"

ಓದಿದೆ. "ಹುಡುಗರಿಗೆ ಈತನ ಮಾತಿನ ನಕಲು ಬರಂಗಿಲ್ಲ. ಈತ ಕಾಯೋದರ ನಕಲು ಬರ್ತದ. ಕೊಡಬೇಕು."

"ಸೀದಾ ಅದಾವ ಆತ್ಯಾ" ಎಂದೆ. ಸಾಲುಗಳು ಒಂದರ ಮೇಲೊಂದು ಹತ್ತಿದ್ದವು.

ಅಷ್ಟರಲ್ಲಿ ಕರ್ನಾಟಕದ ಬಸ್ಸೊಂದು ಬಂದು ನಿಂತಿತು. ಆತ್ಯಾ ಎದ್ದು ಅದರ ಮುಂದೆ ಹೋಗಿ ತಲೆ ಎತ್ತಿದಳು. ಯಾವ ಊರಿಗೆ ಎಂದು ಯಾರನ್ನೂ ಕೇಳುವವಳಲ್ಲ, ಕೇಳಿದರೂ ನಂಬುವವಳಲ್ಲ. ಕಣ್ಣು ಕಿರಿದು ಮಾಡಿ ಬೋರ್ಡು ಓದತೊಡಗಿದಳು. "ಸೊ..." ಎಂದಳು. ಉಳಿದದ್ದು ನನ್ನ ನಾಲಗೆಯ ತುದಿಯಲ್ಲಿತ್ತು, ಹೇಳಲಿಲ್ಲ. ಪಕ್ಕದಲ್ಲಿ ನಿಂತು ಬೆರಳು ಎತ್ತಿ ಹಿಡಿದೆ. ಕಂಡಕ್ಟರ್ ಗಂಟೆ ಹೊಡೆದ. ಬಸ್ಸು ಗುರ್ ಎಂದಿತು. "...ಲ್ಲಾ..." ಎಂದಳು ಆತ್ಯಾ.

ನಾನು ಓಡಿಹೋಗಿ ಬಸ್ಸಿನ ಮುಂದೆ ಎರಡೂ ಕೈ ಅಗಲಿಸಿ ನಿಂತೆ.

"ತಡೀರಿ!" ಎಂದು ಕೂಗಿದೆ. ಆ ದನಿ ಯಾರದೆಂದು ನನಗೆ ಗುರುತು ಹತ್ತಲಿಲ್ಲ. "ನಮ್ಮ ಆತ್ಯಾ ಇನ್ನೂ ಓದಲಿಕ್ಕತ್ಯಾಳ!"